ಗೋಮಾಳದಲ್ಲಿ ಗಾಲ್ಫ್

ನಾನು ಗಾಲ್ಫ್ ಕಲಿತದ್ದು ದುಬೈಗೆ ಬಂದ ಮೇಲೆ. ಹಾಸನದ ಕಡೆಯ ಹಳ್ಳಿಯಲ್ಲಿ ದನ ಕಾಯ್ದುಕೊಂಡಿದ್ದವನಿಗೆ ಅದೆಲ್ಲಿ ಸಿಗಬೇಕು? ಇಲ್ಲಿ 1988ರಲ್ಲಿ ಎಮಿರೇಟ್ಸ್ ಗಾಲ್ಫ್ ಕ್ಲಬ್ ಮರಳಿನ ಮೇಲೆ ಹುಲ್ಲು ಬೆಳೆಸಿ ತೋರಿಸಿತು. ಆಮೇಲೆ ಅಂಥ ಮೈದಾನಗಳು ಒಂದರ ಹಿಂದೊಂದು ಎದ್ದವು. ದಿನವೂ ನೀರುಣ್ಣುವ ಹುಲ್ಲು, ಕೂತು ಸುತ್ತಲು ಬ್ಯಾಟರಿ ಗಾಡಿ. ಗಾಲ್ಫ್ ಎಂದರೆ ದುಡ್ಡು ಸುರಿದು ಸಾಕುವ ಹಸಿರು ಎಂದೇ ತಿಳಿದಿದ್ದೆ.

2017ರ ಜೂನ್‌ನಲ್ಲಿ ಬೆಂಗಳೂರಿನಿಂದ ಬಂದ ಭಾವಮೈದನೊಡನೆ ಸ್ಕಾಟ್ಲೆಂಡ್‌ಗೆ ಹೋದೆ. ಅವನಿಗೆ ಗಾಲ್ಫ್‌ನ ತವರು ಎನ್ನುವ ಸೇಂಟ್ ಆಂಡ್ರ್ಯೂಸ್‌ನ ಹುಚ್ಚು. ನಾನು ಹಟ ಮಾಡಿ ಇನ್ವರ್ನೆಸ್‌ನಿಂದ ಉತ್ತರಕ್ಕೆ, ಹೆಸರಾಂತ ಡೋರ್ನಾಕ್ ಗಾಲ್ಫ್ ಮೈದಾನವನ್ನೂ ದಾಟಿಸಿ, ಬ್ರೋರಾ ಎಂಬ ಕಡಲೂರಿನ ಮೈದಾನಕ್ಕೆ ಕರೆದೊಯ್ದೆ.

"ಭಾವ, ಇದು ಮೈದಾನವೋ ದೊಡ್ಡಿಯೋ?" ಎಂದ.

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕುರಿಗಳೂ ದನಗಳೂ ಆಟದ ನಡುವೆಯೇ ಮೇಯುತ್ತಿದ್ದವು. ಅವು ಗ್ರೀನ್, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲು, ತುಳಿಯದಿರಲಿ ಎಂದು ಸುತ್ತಲೂ ಗಿಡ್ಡನೆಯ ವಿದ್ಯುತ್ ತಂತಿ. ನಾವು ಕಾಲೆತ್ತಿ ದಾಟಬೇಕು. ಸಗಣಿಯಲ್ಲಿ ಬಿದ್ದ ಚೆಂಡನ್ನು ದಂಡವಿಲ್ಲದೆ ಎತ್ತಿಕೊಳ್ಳಲು ನಿಯಮವೇ ಇತ್ತು. ಬ್ರಿಟನ್ನಿನ ದೊಡ್ಡ ಪಂದ್ಯಾವಳಿ ಓಪನ್ ಅನ್ನು ಐದು ಸಲ ಗೆದ್ದ ಜೇಮ್ಸ್ ಬ್ರೇಡ್ 1920ರ ದಶಕದಲ್ಲಿ ರೂಪಿಸಿದ ಮೈದಾನವಿದು.

ಇಂಥ ಮೈದಾನಕ್ಕೆ ಲಿಂಕ್ಸ್ ಎನ್ನುತ್ತಾರೆ. ಲಿಂಕ್ಸ್ ಎಂದರೆ ಕಡಲಿಗೂ ಉಳುವ ನೆಲಕ್ಕೂ ನಡುವಿನ ಮರಳುಗುಡ್ಡೆಗಳ ಪಟ್ಟಿ. ಬೇಸಾಯಕ್ಕೆ ಒದಗದ್ದರಿಂದ ಮೇವಿಗೆ ಬಿಟ್ಟ ಜಾಗ. ಕುರಿ, ಮೊಲಗಳು ಮೇಯ್ದು ಹುಲ್ಲನ್ನು ಗಿಡ್ಡವಾಗಿಟ್ಟವು. ಚೆಂಡು ಉರುಳಲು ಅಷ್ಟು ಸಾಕಾಯಿತು. ಮಳೆನೀರು ಮರಳಿನಲ್ಲಿ ಇಳಿದುಹೋಗುವುದರಿಂದ ನೆಲ ಗಟ್ಟಿ. ದುಬೈ ಅಭ್ಯಾಸದಂತೆ ನಾನು ಎತ್ತರಕ್ಕೆ ಹೊಡೆದ ಚೆಂಡನ್ನು ಗಾಳಿ ಒಯ್ದು ಕಡಲಂಚಿಗೆ ಹಾಕಿತು. ನಮ್ಮ ಮುಂದಿದ್ದ ಊರಿನ ಅಜ್ಜನೊಬ್ಬ ನೆಲಕ್ಕೆ ತಾಗಿಸಿದಂತೆ ತಳ್ಳಿದ. ಚೆಂಡು ಉಬ್ಬುತಗ್ಗು ಬಳಸಿಕೊಂಡು ಗ್ರೀನ್ ಸೇರಿತು. ನೋಡಿ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ನಮ್ಮಲ್ಲೂ ಗೋಮಾಳವಿದೆ. ನೂರು ದನಕ್ಕೆ 30 ಎಕರೆ ಮೀಸಲಿಡಬೇಕು ಎಂದು ಕಾನೂನೂ ಇದೆ. ಆದರೆ ನಮ್ಮೂರಿನ ಗೋಮಾಳಕ್ಕೆ ಎರಡು ಕಡೆಯಿಂದ ಬೇಲಿ ಬಂದು ದನಕ್ಕೆ ದಾರಿ ಮಾತ್ರ ಉಳಿದಿದೆ. ದುಡ್ಡಿನ ಆಟವೊಂದು ಬರಬೇಕಾದರೆ ನಾವು ಮೊದಲು ದನ ಓಡಿಸಿ, ಕಾಂಪೌಂಡ್ ಕಟ್ಟಿ, ಕಾವಲುಗಾರನನ್ನು ನಿಲ್ಲಿಸುತ್ತೇವೆ. ಸ್ಕಾಟ್ಲೆಂಡ್‌ನಲ್ಲಿ 2003ರ ಭೂಸುಧಾರಣಾ ಕಾಯಿದೆಯ ಪ್ರಕಾರ ಆಟಕ್ಕೆ ಅಡ್ಡಿಯಾಗದಂತೆ ಯಾರು ಬೇಕಾದರೂ ಗಾಲ್ಫ್ ಮೈದಾನ ಹಾದುಹೋಗಬಹುದು, ಗ್ರೀನ್ ಮಾತ್ರ ತುಳಿಯಬಾರದು. ಹಾಗೆಂದು ಅಲ್ಲಿ ಜಗಳವೇ ಇಲ್ಲವೆಂದಲ್ಲ. ಹಳೆಯ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ 1891ರಲ್ಲಿ ಗುರುತಿಸಿದ್ದ ಆಸ್ಕರ್ನಿಶ್ ಮೈದಾನವನ್ನು ಸೌತ್ ಯೂಯಿಸ್ಟ್ ದ್ವೀಪದಲ್ಲಿ ಮತ್ತೆ ಎಬ್ಬಿಸುವಾಗ ಕೆಲವು ರೈತರು ಮೇವಿನ ಹಕ್ಕಿಗಾಗಿ ತಕರಾರು ತೆಗೆದಿದ್ದರು. ತಕರಾರು ತೆಗೆಯಲು ಅವರಿಗೆ ಹಕ್ಕಾದರೂ ಉಳಿದಿತ್ತು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ರಾತ್ರಿ ಒಂಬತ್ತಾದರೂ ಬಿಸಿಲಿತ್ತು. ಚೆಂಡಿನ ಮುಂದೆಯೇ ಹಸುವೊಂದು ಮೆಲುಕು ಹಾಕುತ್ತ ನಿಂತಿತ್ತು. ಭಾವಮೈದ ಕೋಲು ಬೀಸಿದ, ಅಲುಗಲಿಲ್ಲ. "ಹೈ, ಹೈ" ಎಂದು ನಾಲಿಗೆ ಲೊಚಗುಟ್ಟಿಸಿದೆ, ಮೂವತ್ತು ವರ್ಷದ ಮೇಲೆ. ಕಿವಿ ಆಡಿಸಿ ಪಕ್ಕಕ್ಕೆ ಸರಿಯಿತು.