ಬಾಂಬ್ ಇಲ್ಲ ಎಂಬ ಸರ್ಟಿಫಿಕೇಟು

ಪಾಕಿಸ್ತಾನದ ಕೈಗುಣವೇ ಸರಿಯಿಲ್ಲ. 2025ರ ಜೂನ್‌ನಲ್ಲಿ ಅದರ ಸೇನಾ ಮುಖ್ಯಸ್ಥರು ಶ್ವೇತಭವನದಲ್ಲಿ ಟ್ರಂಪ್ ಸಾಹೇಬರ ಜೊತೆ ಊಟ ಮಾಡಿ ಬಂದರು. ಉಂಡ ಮನೆಯ ಋಣ ಇರುತ್ತಲ್ಲ, ಸಾಹೇಬರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಕೊಡಿ ಎಂದು ಪಾಕಿಸ್ತಾನ ಸರ್ಕಾರ ಶಿಫಾರಸಿಗೆ ಹೊರಟಿತು. ಆ ಸುದ್ದಿ ಹಳಸುವ ಮೊದಲೇ ಸಾಹೇಬರು ಇರಾನಿನ ಮೇಲೆ ಬಾಂಬ್ ಹಾಕಿಸಿದರು. ತಕ್ಷಣ ಪಾಕಿಸ್ತಾನದಿಂದ ಖಂಡನೆ. ಅಭಿನಂದನೆ, ಖಂಡನೆ ಎರಡೂ ಒಂದೇ ವಾರದಲ್ಲಿ, ಒಂದೇ ವಿಳಾಸಕ್ಕೆ.

ಬಾಂಬ್ ಯಾಕೆ ಹಾಕಿದರು? ಇರಾನ್ ಅಣುಬಾಂಬ್ ಮಾಡಿಬಿಡುತ್ತದೆ ಅಂತ. ಜೊತೆಗೆ ಕೂತು ಊಟ ಮಾಡಿದವರ ಹತ್ತಿರ ಅದೇ ಬಾಂಬ್ ಆಗಲೇ ಇದೆ. ಆದರೆ ಊಟದ ಹೊತ್ತಲ್ಲಿ ಅಂಥ ಮಾತೆಲ್ಲ ತೆಗೆಯಬಾರದು, ಅಲ್ವಾ?

ಪಾಕಿಸ್ತಾನಕ್ಕೆ ಆ ಬಾಂಬ್ ಹೇಗೆ ಬಂತು ಅಂತ ನೆನಪಾದಾಗಲೆಲ್ಲ ನನಗೆ ನಮ್ಮಪ್ಪನ ಲೈಫ್ ಸರ್ಟಿಫಿಕೇಟ್ ನೆನಪಾಗುತ್ತದೆ.

ಅಪ್ಪ ರಿಟೈರ್ಡ್ ಮೇಷ್ಟ್ರು. ಪ್ರತಿ ನವೆಂಬರ್‌ನಲ್ಲಿ ತಾನು ಬದುಕಿದ್ದೇನೆ ಎಂದು ಸಾಬೀತು ಮಾಡಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಹೋದ ಸಲ ಕೌಂಟರಿನಲ್ಲಿ ಬೆರಳಿಟ್ಟರೆ ಮೆಷಿನ್ ಒಪ್ಪಲಿಲ್ಲ. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದು ಗೆರೆ ಸವೆದ ಬೆರಳು. "ಮೇಷ್ಟ್ರೇ, ಮ್ಯಾಚ್ ಆಗ್ತಿಲ್ಲ" ಎಂದ ಕೌಂಟರಿನ ಹುಡುಗ. "ಮ್ಯಾಚ್ ಆಗದಿದ್ರೆ ಬೇಡಪ್ಪ, ನಾನು ಎದುರಿಗೇ ನಿಂತಿದ್ದೀನಲ್ಲ" ಎಂದರು ಅಪ್ಪ. "ಅದು ನನಗೆ ಕಾಣ್ಸುತ್ತೆ ಸರ್, ಸಿಸ್ಟಮ್‌ಗೆ ಕಾಣ್ಬೇಕಲ್ಲ." ಆಮೇಲೆ ಮೊಬೈಲ್ ಮುಖಕ್ಕೆ ಹಿಡಿದು ಕಣ್ಣು ಮಿಟುಕಿಸಿ ಎಂದ ಹುಡುಗ. ಅಪ್ಪ ಸಿಟ್ಟಿನಲ್ಲಿ ದುರುಗುಟ್ಟಿ ನೋಡುತ್ತಿದ್ದರು, ಮಿಟುಕಿಸಲೇ ಇಲ್ಲ. ಅರ್ಧ ಗಂಟೆ ಅವರು ಬದುಕಿರಲಿಲ್ಲ.

ಅಮೆರಿಕದಲ್ಲೂ ಹೀಗೇ ವರ್ಷಕ್ಕೊಂದು ಸರ್ಟಿಫಿಕೇಟ್ ಕೊಡುವ ಪದ್ಧತಿ ಇತ್ತು. 1985ರಲ್ಲಿ ಬಂದ ಪ್ರೆಸ್ಲರ್ ತಿದ್ದುಪಡಿ ಅಂತ ಅದರ ಹೆಸರು. ಪಾಕಿಸ್ತಾನಕ್ಕೆ ದುಡ್ಡು, ಆಯುಧ ಕೊಡಬೇಕಾದರೆ ಅಧ್ಯಕ್ಷರು ಪ್ರತಿ ವರ್ಷ ಬರೆದು ಸಹಿ ಹಾಕಬೇಕು: ಈ ದೇಶದ ಬಳಿ ಅಣುಬಾಂಬ್ ಇಲ್ಲ. ನಮ್ಮಪ್ಪ ಇದ್ದೀನಿ ಇದ್ದೀನಿ ಅಂದರೂ ನಂಬದ ಸಿಸ್ಟಮ್ ನಮ್ಮದು. ಅವರದ್ದು ಇನ್ನೂ ಒಂದು ಕೈ ಮೇಲೆ. 1987ರಲ್ಲಿ ಪಾಕಿಸ್ತಾನದ ಬಾಂಬ್ ತಜ್ಞ ಎ.ಕ್ಯೂ. ಖಾನ್ ನಮ್ಮ ಪತ್ರಕರ್ತ ಕುಲದೀಪ್ ನಯ್ಯರ್ ಎದುರು ಕೂತು, ಬಾಂಬ್ ನಮ್ಮ ಹತ್ತಿರ ಇದೆ ಎಂಬರ್ಥದಲ್ಲಿ ಮಾತಾಡಿದರು. ಅದು ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ತಿಂಗಳು ಪಾಕಿಸ್ತಾನದ ಆಗಿನ ಅಧ್ಯಕ್ಷ ಜನರಲ್ ಜಿಯಾ ಸಾಹೇಬರೇ ಅಮೆರಿಕದ ಪತ್ರಿಕೆಯೊಂದಕ್ಕೆ, ಬೇಕೆಂದಾಗ ಬಾಂಬ್ ಮಾಡಬಲ್ಲೆವು, ಬೇಕಾದರೆ ಬರೆದುಕೊಳ್ಳಿ ಎಂದರು. ಇಷ್ಟಾದ ಮೇಲೂ ಆ ವರ್ಷದ ಸರ್ಟಿಫಿಕೇಟ್‌ಗೆ ಸಹಿ ಬಿತ್ತು. ಇದೆ ಇದೆ ಎಂದು ಅವರು ಕೂಗುತ್ತಿದ್ದಾರೆ, ಇಲ್ಲ ಇಲ್ಲ ಸುಮ್ನಿರಿ ಎಂದು ಇವರು ಸಮಾಧಾನ ಮಾಡುತ್ತಿದ್ದಾರೆ.

ಯಾಕೆಂದರೆ ಪಕ್ಕದ ಅಫ್ಘಾನಿಸ್ತಾನದಲ್ಲಿ ರಷ್ಯಾದ ಸೈನ್ಯ ಇತ್ತು. ಅದನ್ನು ಓಡಿಸಲು ಪಾಕಿಸ್ತಾನ ಬೇಕಿತ್ತು. 1989ರ ಫೆಬ್ರವರಿಯಲ್ಲಿ ರಷ್ಯಾದವರು ಮನೆಗೆ ಹೋದರು. 1990ರಲ್ಲಿ ಅಧ್ಯಕ್ಷ ಬುಷ್ ಅವರ ಕಣ್ಣು ದಿಢೀರನೆ ಸರಿಹೋಯಿತು. ಅಯ್ಯೋ, ಇಲ್ಲ ಅಂತ ಬರೆಯೋಕೆ ಆಗಲ್ಲ ಎಂದುಬಿಟ್ಟರು! ಇಷ್ಟು ಕರಾರುವಾಕ್ಕಾಗಿ ಪೊರೆ ಬಿಡಿಸುವ ಕಣ್ಣಿನ ಡಾಕ್ಟರು ನಮ್ಮೂರಲ್ಲಿ ಸಿಕ್ಕಲಿಕ್ಕಿಲ್ಲ.

ಪಾಪ, ಪಾಕಿಸ್ತಾನ ಅಷ್ಟರಲ್ಲಿ ಎಫ್-16 ವಿಮಾನಗಳಿಗೆ ದುಡ್ಡು ಕಟ್ಟಿತ್ತು. ವಿಮಾನಗಳು ಅರಿಜೋನಾದ ಮರುಭೂಮಿಯಲ್ಲಿ ನಿಂತವು. ದುಡ್ಡೂ ಇಲ್ಲ, ವಿಮಾನವೂ ಇಲ್ಲ. ಕೊನೆಗೆ ಕ್ಲಿಂಟನ್ ಕಾಲದಲ್ಲಿ ಲೆಕ್ಕ ಚುಕ್ತಾ ಮಾಡುವಾಗ ಒಂದು ಪಾಲನ್ನು ಗೋಧಿ ಲೆಕ್ಕದಲ್ಲಿ ತೀರಿಸಿದರು. ಎರಡು ರೂಪಾಯಿ ಚಿಲ್ಲರೆ ಇಲ್ಲ, ಚಾಕ್ಲೇಟ್ ತಗೊಳ್ಳಿ ಎನ್ನುವ ನಮ್ಮ ಕಿರಾಣಿ ಅಂಗಡಿಯವರು ಇನ್ನು ಮುಂದೆ ನಾಚಿಕೊಳ್ಳಬೇಕಾಗಿಲ್ಲ.

ಇಸ್ರೇಲಿಗಂತೂ ಈ ಸರ್ಟಿಫಿಕೇಟಿನ ತಾಪತ್ರಯವೇ ಇಲ್ಲ. ಅಲ್ಲಿನ ಡಿಮೋನಾದಲ್ಲಿ ಅಣು ರಿಯಾಕ್ಟರ್ ಕಟ್ಟುವಾಗ ಅದು ಜವಳಿ ಕಾರ್ಖಾನೆ ಎಂದಿದ್ದರು. ಬಾಂಬ್ ಇದೆ ಎಂದೂ ಹೇಳಲ್ಲ, ಇಲ್ಲ ಎಂದೂ ಹೇಳಲ್ಲ. ಅಮೆರಿಕ ಕೇಳುವುದೂ ಇಲ್ಲ.

ನಾವೇನು ಭಾರಿ ಸಾಚಾಗಳಲ್ಲ. ಕೆನಡಾ ಕೊಟ್ಟ ರಿಯಾಕ್ಟರು, ಅದನ್ನು ನಡೆಸಲು ಅಮೆರಿಕ ಕೊಟ್ಟ ಭಾರಜಲ. ಎರಡನ್ನೂ ಶಾಂತಿಯ ಕೆಲಸಕ್ಕೆ ಅಂತ ಇಸಿದುಕೊಂಡು 1974ರಲ್ಲಿ ಪೋಖರಣ್‌ನಲ್ಲಿ ಅಣುಬಾಂಬ್ ಸಿಡಿಸಿ, ಇದು ಶಾಂತಿಯುತ ಸ್ಫೋಟ ಎಂದೆವು. ಅದರ ಮುಂದಾಳು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಪಿಯಾನೊ ಬೇರೆ ಚೆನ್ನಾಗಿ ನುಡಿಸುತ್ತಿದ್ದರು. ಅಮೆರಿಕಕ್ಕೆ ಕೋಪ ಬಂತು. ಇಂಥವರಿಗೆ ಅಣು ಸಾಮಾನು ಸಿಗಬಾರದು ಎಂದು ಬೇರೆ ದೇಶಗಳನ್ನು ಸೇರಿಸಿ ಒಂದು ಗುಂಪು ಕಟ್ಟಿತು. 1998ರಲ್ಲಿ ನಾವು ಮತ್ತೆ ಸಿಡಿಸಿದಾಗ ನಿರ್ಬಂಧ ಹೇರಿತು. ತೇಜಸ್ ವಿಮಾನದ ಕೆಲಸಕ್ಕೆಂದು ಅಲ್ಲಿದ್ದ ನಮ್ಮ ಎಂಜಿನಿಯರುಗಳು ಬರಿಗೈಯಲ್ಲಿ ವಾಪಸ್ ಬಂದರು. 2001ರಲ್ಲಿ ಮತ್ತೆ ಅಫ್ಘಾನಿಸ್ತಾನದ ಯುದ್ಧ. ನಮ್ಮ ಮೇಲಿನ ಮತ್ತು ಪಾಕಿಸ್ತಾನದ ಮೇಲಿನ ನಿರ್ಬಂಧ ಒಂದೇ ಏಟಿಗೆ ಮಾಯ. 2008ರಲ್ಲಿ ಅದೇ ಅಮೆರಿಕ ಅದೇ ಗುಂಪಿನ ಮನೆ ಬಾಗಿಲು ತಟ್ಟಿ, ಇಂಡಿಯಾದವರು ಒಳ್ಳೆಯವರು, ಇವರಿಗೊಂದು ವಿನಾಯಿತಿ ಕೊಡಿ ಎಂದಿತು. ನಮ್ಮ ಬಾಂಬ್ ಹಾಗೇ ಇತ್ತು. ಬದಲಾಗಿದ್ದು ಅವರ ಅವಶ್ಯಕತೆ. ನಾವು ಸಿಹಿ ಹಂಚಿದೆವು.

ಈಗ ಇರಾನ್. ಟೆಹ್ರಾನಿನ ರಿಯಾಕ್ಟರನ್ನು 1967ರಲ್ಲಿ ಕೊಟ್ಟಿದ್ದು ಅಮೆರಿಕವೇ. ಅದರ ಜೊತೆ ಬಾಂಬ್ ದರ್ಜೆಯ ಯುರೇನಿಯಂ ಇಂಧನವನ್ನೂ ಕೊಟ್ಟಿತ್ತು. ಆಗ ಅಲ್ಲಿ ದೊರೆ ಷಾ ಇದ್ದರು, ಅಮೆರಿಕದ ಸ್ನೇಹಿತರು.

2015ರಲ್ಲಿ ಅಮೆರಿಕ ಮತ್ತಿತರ ದೇಶಗಳಿಗೂ ಇರಾನಿಗೂ ಒಂದು ಒಪ್ಪಂದವಾಯಿತು. ಯುರೇನಿಯಂ ಶೇ 3.67ಕ್ಕಿಂತ ಜಾಸ್ತಿ ಶುದ್ಧ ಮಾಡುವಂತಿಲ್ಲ, 300 ಕೆಜಿಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಕ್ಯಾಮೆರಾ ಇತ್ತು, ಸೀಲ್ ಇತ್ತು, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಜನ ಒಳಗೇ ಓಡಾಡುತ್ತಿದ್ದರು. ಇರಾನ್ ಮಾತು ಉಳಿಸಿಕೊಂಡಿದೆ ಎಂದು ಅವರೇ ಮತ್ತೆ ಮತ್ತೆ ವರದಿ ಕೊಟ್ಟರು. ಇದೊಂದು ನಿಜವಾದ ಸರ್ಟಿಫಿಕೇಟು. 2018ರ ಮೇ 8ರಂದು ಟ್ರಂಪ್ ಸಾಹೇಬರು ಅದನ್ನು ಹರಿದು ಹಾಕಿದರು. 2021ರ ಹೊತ್ತಿಗೆ ಇರಾನ್ ಬಾಂಬ್ ದರ್ಜೆಗೆ ಹತ್ತಿರವಾದ ಶೇ 60ಕ್ಕೆ ಹೋಗಿತ್ತು. 2025ರ ಮಾರ್ಚ್‌ನಲ್ಲಿ ಸಾಹೇಬರದ್ದೇ ಗುಪ್ತಚರ ಮುಖ್ಯಸ್ಥೆ ತುಳಸಿ ಗಬಾರ್ಡ್, ಇರಾನ್ ಬಾಂಬ್ ಮಾಡುತ್ತಿಲ್ಲ ಎಂದು ಸಂಸತ್ತಿನ ಮುಂದೆ ಹೇಳಿದರು. ಜೂನ್‌ನಲ್ಲಿ ಪತ್ರಕರ್ತರು ಅದನ್ನು ನೆನಪಿಸಿದರೆ, ಆಕೆ ಏನು ಹೇಳಿದಳೋ ನನಗೆ ಬೇಕಿಲ್ಲ ಎಂದರು ಸಾಹೇಬರು.

ಆಮೇಲೆ ಏಳು ವಿಮಾನ, ಹದಿನಾಲ್ಕು ಬಾಂಬ್, ಒಂದೊಂದೂ ಹದಿಮೂರು ಟನ್‌ಗಿಂತ ಭಾರ. ಎಲ್ಲ ನಿರ್ನಾಮ ಎಂದು ಸಾಹೇಬರು ಘೋಷಿಸಿದರು. ಎರಡು ದಿನದಲ್ಲಿ ಅವರದ್ದೇ ಸೇನೆಯ ಗುಪ್ತಚರ ವರದಿ ಸೋರಿತು: ಹಿಂದೆ ಬಿದ್ದಿದ್ದು ಕೆಲವು ತಿಂಗಳು ಮಾತ್ರ ಇರಬಹುದು. ವರದಿಯೇ ತಪ್ಪು ಎಂದರು.

ತಮಾಷೆ ಮಾಡಿ ಮಾಡಿ ಸಾಕಾಯಿತು. ಇರಾನಿನ ಯುರೇನಿಯಂ ಗ್ರಾಂ ಲೆಕ್ಕದಲ್ಲಿ ಗೊತ್ತಿದ್ದ ಸಾಮಾನು. ಬಾಂಬ್ ಬಿದ್ದ ಮೇಲೆ ಇರಾನ್ ತಪಾಸಣೆಯವರ ಜೊತೆ ಸಹಕಾರ ನಿಲ್ಲಿಸುವ ಕಾನೂನು ತಂದಿತು. ದಾಳಿಗೆ ಮುಂಚೆ ಅದರ ಬಳಿ ಶೇ 60ರ ಯುರೇನಿಯಂ 400 ಕೆಜಿಗೂ ಜಾಸ್ತಿ ಇತ್ತು. ಕಾರಿನ ಡಿಕ್ಕಿಯಲ್ಲಿ ಹಿಡಿಯುವಂಥ ಸಿಲಿಂಡರುಗಳಲ್ಲಿ. ಅದೆಲ್ಲಿ ಹೋಯಿತು ಎಂದು ಕೇಳಿದರೆ, ಕುಸಿದ ಮಣ್ಣಿನ ಕೆಳಗೆ ಇರಬಹುದು ಎನ್ನುತ್ತಾರೆ.

ಇದ್ದರೂ ಇರಬಹುದು.