ತಂತಿಗಳ ನಡುವೆ ಅರಳಿದ ಮರ

ಬೆಂಗಳೂರಿನಲ್ಲಿ ಕಣ್ಣಿಗೆ ಹಿತವಾದುದೇನೂ ಉಳಿದಿಲ್ಲವೆಂದು ಲೇಖಕರೊಬ್ಬರು ಬರೆದುಕೊಂಡ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಬೀದಿಯ ತಿರುವಿನಲ್ಲೂ ಕಸದ ರಾಶಿಯಿದೆ, ಅದರ ಮೇಲೆ ಕೇಬಲ್ ತಂತಿಗಳ ಸಿಕ್ಕು ಜೋತುಬಿದ್ದಿದೆ. ಹಲವು ವರ್ಷ ನಾನು ಅಲ್ಲಿ ತಲೆತಗ್ಗಿಸಿ, ಮೂಗು ಮುಚ್ಚಿಕೊಂಡೇ ನಡೆದೆ. ಒಂದು ಫೆಬ್ರವರಿಯ ಬೆಳಿಗ್ಗೆ ಚಪ್ಪಲಿಗೆ ಅಂಟಿದ ಗುಲಾಬಿ ಬಣ್ಣದ ಹೂವೊಂದು ಕತ್ತೆತ್ತಿ ನೋಡುವಂತೆ ಮಾಡಿತು: ಅದೇ ತಂತಿಗಳ ನಡುವೆ, ಎಲೆಗಳನ್ನೆಲ್ಲ ಉದುರಿಸಿಕೊಂಡ ಟಬೆಬುಯಾ ಮರವೊಂದು ಕೊಂಬೆಕೊಂಬೆಗೂ ಹೂ ಹೊತ್ತು ನಿಂತಿತ್ತು. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ರಸ್ತೆಬದಿಯ ಮರಗಳನ್ನು ಆರಿಸಿದರೆಂದು ಓದಿದ್ದೆನಾದರೂ, ಅದರ ಅರ್ಥ ತಿಳಿದದ್ದು ಅಂದೇ. ಈಗ ಟಬೆಬುಯಾ ಮುಗಿಯುತ್ತಿದ್ದಂತೆ ಜಕರಾಂಡದ ನೀಲಿಗೆ, ಹೊಂಗೆಯ ಎಳೆಚಿಗುರಿಗೆ, ಬಳಿಕ ಗುಲ್‌ಮೊಹರಿನ ಕೆಂಪಿಗೆ ಕಾಯುತ್ತೇನೆ. ಕಸ ತೆಗೆಸಬೇಕೆಂದು ದೂರು ಬರೆಯುವುದನ್ನು ನಾನು ಬಿಟ್ಟಿಲ್ಲ, ಯಾರೂ ಬಿಡಬಾರದು. ಆದರೆ ಮೊಮ್ಮಗಳನ್ನು ಶಾಲೆಗೆ ಕರೆದೊಯ್ಯುವಾಗ ಆ ತಿರುವಿನಲ್ಲಿ ನಾವಿಬ್ಬರೂ ನಿಮಿಷವಾದರೂ ನಿಂತು, ನಿನ್ನೆಗಿಂತ ಎಷ್ಟು ಹೂ ಹೆಚ್ಚಾಗಿದೆಯೆಂದು ನೋಡಿಯೇ ಮುಂದೆ ಹೋಗುತ್ತೇವೆ.