10 ಆಸ್ಕರ್ ಬಂದ ಚಿತ್ರದಲ್ಲಿ ಬರೆದವರಿಗೆ ಮಾತ್ರ ಬರಲಿಲ್ಲ

1961ರ ‘ವೆಸ್ಟ್ ಸೈಡ್ ಸ್ಟೋರಿ’ 11 ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡು 10 ಗೆದ್ದಿತು. ನಿರ್ದೇಶನಕ್ಕೆ ಬಂತು, ಕ್ಯಾಮೆರಾಗೆ ಬಂತು, ಎಡಿಟಿಂಗಿಗೆ, ಸೌಂಡಿಗೆ, ಕಾಸ್ಟ್ಯೂಮಿಗೂ ಬಂತು. ತಪ್ಪಿಹೋದದ್ದು ಚಿತ್ರಕಥೆಗೆ ಮಾತ್ರ. ಬರೆದವರು ಅರ್ನೆಸ್ಟ್ ಲೀಮನ್. ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

‘ಸಬ್ರಿನಾ’, ‘ದಿ ಕಿಂಗ್ ಅಂಡ್ ಐ’, ‘ನಾರ್ತ್ ಬೈ ನಾರ್ತ್‌ವೆಸ್ಟ್’, ‘ದಿ ಸೌಂಡ್ ಆಫ್ ಮ್ಯೂಸಿಕ್’ ಎಲ್ಲದರಲ್ಲೂ ಅವರ ಬರವಣಿಗೆ ಇದೆ. ನಾವು ಮಾತ್ರ ನಿರ್ದೇಶಕ ಹಿಚ್‌ಕಾಕ್ ಸಿನಿಮಾ, ನಟಿ ಜೂಲಿ ಆಂಡ್ರ್ಯೂಸ್ ಸಿನಿಮಾ ಅಂತಲೇ ಹೇಳುತ್ತೇವೆ.

‘ಬೇರೆಯವರ ನಾಟಕ, ಕಾದಂಬರಿ ಇಟ್ಟುಕೊಂಡು ಬರೆದದ್ದು ತಾನೇ, ಅದೇನು ಮಹಾ’ ಅನ್ನುವವರಿದ್ದಾರೆ. ಅವರು ‘ಸೌಂಡ್ ಆಫ್ ಮ್ಯೂಸಿಕ್’ನ ಆ ಗುಡುಗಿನ ರಾತ್ರಿಯನ್ನು ಇನ್ನೊಮ್ಮೆ ನೋಡಬೇಕು. ಸಿಡಿಲಿಗೆ ಬೆಚ್ಚಿದ ಮಕ್ಕಳು ಓಡಿ ಬಂದು, ತಮ್ಮನ್ನು ನೋಡಿಕೊಳ್ಳಲು ಮಠದಿಂದ ಬಂದ ಮರಿಯಾಳ ಹಾಸಿಗೆ ಏರುತ್ತಾರೆ, ಅವಳು ‘ಮೈ ಫೇವರಿಟ್ ಥಿಂಗ್ಸ್’ ಹಾಡುತ್ತಾಳೆ. ಮೂಲ ನಾಟಕದಲ್ಲಿ ಈ ಹಾಡು ಈ ಜಾಗದಲ್ಲಿರಲೇ ಇಲ್ಲ. ಮಠದೊಳಗೆ ಮರಿಯಾ ಮತ್ತು ಹಿರಿಯ ಸನ್ಯಾಸಿನಿ ಸೇರಿ ಹಾಡುತ್ತಿದ್ದರು. ಚಿತ್ರಕಥೆಯಲ್ಲಿ ಜಾಗ ಬದಲಾಗಿದ್ದರಿಂದಲೇ ಅದು ಹೆದರಿದ ಮಕ್ಕಳಿಗೆ ಧೈರ್ಯ ತುಂಬುವ ಹಾಡಾಯಿತು. ಚಿತ್ರಕ್ಕೆ 5 ಆಸ್ಕರ್ ಬಂತು, ಚಿತ್ರಕಥೆ ನಾಮನಿರ್ದೇಶನದ ಪಟ್ಟಿಯಲ್ಲೂ ಇರಲಿಲ್ಲ!

‘ನಾರ್ತ್ ಬೈ ನಾರ್ತ್‌ವೆಸ್ಟ್’ ಅಂತೂ ಪೂರ್ತಿ ಅವರದೇ ಕಥೆ. ಲೀಮನ್ ಮುಂದೆ ಹೇಳಿಕೊಂಡ ಹಾಗೆ, ಬಟಾಬಯಲಲ್ಲಿ ನಾಯಕ ಒಬ್ಬನೇ ನಿಂತಿರಬೇಕು, ಆಗ ಸುಂಟರಗಾಳಿ ಬರಬೇಕು ಅನ್ನುವುದು ಹಿಚ್‌ಕಾಕ್ ಆಸೆ. ಅವನನ್ನು ಕೊಲ್ಲಲು ಹೊರಟ ಖಳರು ಸುಂಟರಗಾಳಿಯನ್ನು ಎಲ್ಲಿಂದ ತರುತ್ತಾರೆ ಅಂತ ಇವರು ಕೇಳಿದರು. ಹಾಗೆ ಮಾತಾಡುತ್ತಾ ಬೆಳೆಗೆ ಔಷಧಿ ಹೊಡೆಯುವ ವಿಮಾನಕ್ಕೆ ಬಂದು ನಿಂತರು. ಸೂಟು ಹಾಕಿದ ನಾಯಕ ಕ್ಯಾರಿ ಗ್ರಾಂಟ್ ಧೂಳಿನ ರಸ್ತೆ ಬದಿಯಲ್ಲಿ ಕಾಯುತ್ತಿದ್ದಾನೆ. ಎದುರು ಬಸ್ಸಿಗೆ ನಿಂತ ಅಪರಿಚಿತ ಆಕಾಶ ನೋಡಿ, ಬೆಳೆಯೇ ಇಲ್ಲದ ಕಡೆ ಆ ವಿಮಾನ ಔಷಧಿ ಹೊಡೆಯುತ್ತಿದೆಯಲ್ಲ ಅನ್ನುತ್ತಾನೆ, ಬಸ್ಸು ಹತ್ತಿ ಹೋಗಿಬಿಡುತ್ತಾನೆ. ಅಷ್ಟೇ ಮಾತು. ಇನ್ನೂ ಏನೂ ಆಗಿರುವುದಿಲ್ಲ, ಆದರೆ ನಮ್ಮ ಕೈ ಆಗಲೇ ಬೆವರಿರುತ್ತದೆ. ಇದು ಬರವಣಿಗೆಯ ತಾಕತ್ತು.

1966ರಲ್ಲಿ ಅವರು ಮೊದಲ ಸಲ ನಿರ್ಮಾಪಕರೂ ಆದರು. ನನ್ನ ಪ್ರಕಾರ ಅವರ ವೃತ್ತಿಜೀವನದ ಅತಿ ದಿಟ್ಟ ಹೆಜ್ಜೆ ಅದು. ‘ಹೂಸ್ ಅಫ್ರೈಡ್ ಆಫ್ ವರ್ಜೀನಿಯಾ ವುಲ್ಫ್?’ ಎಡ್ವರ್ಡ್ ಆಲ್ಬಿಯ ನಾಟಕ. ಎರಡು ಜೋಡಿ, ಒಂದೇ ರಾತ್ರಿ, ಕುಡಿತ, ಎದೆಗೆ ಚುಚ್ಚುವ ಬೈಗುಳ. ಆ ಕಾಲದ ಹಾಲಿವುಡ್ ಅಂಥ ಮಾತನ್ನೆಲ್ಲ ಒರೆಸಿ ಹಾಕುತ್ತಿತ್ತು. ಆದರೆ ನಾಟಕದ ಬಹುಪಾಲು ಮಾತು ಹಾಗೇ ಪರದೆಗೆ ಬಂತು. ನಿರ್ದೇಶಕ ಮೈಕ್ ನಿಕೋಲ್ಸ್‌ಗೆ ಅದು ಮೊದಲ ಚಿತ್ರ. ಕಪ್ಪುಬಿಳುಪಿನಲ್ಲಿ ತೆಗೆದರು. 13 ನಾಮನಿರ್ದೇಶನ, ನಾಲ್ಕೂ ಮುಖ್ಯ ಕಲಾವಿದರು ಪಟ್ಟಿಯಲ್ಲಿ, 5 ಪ್ರಶಸ್ತಿ. 18 ತುಂಬದವರು ಹಿರಿಯರ ಜೊತೆಗೇ ಬರಬೇಕು ಎಂಬ ಷರತ್ತಿನ ಮೇಲೆ ಬಿಡುಗಡೆಯಾಯಿತು. ಎರಡು ವರ್ಷದಲ್ಲಿ ಅಮೆರಿಕದ ಹಳೆಯ ಸೆನ್ಸಾರ್ ಪದ್ಧತಿ ಹೋಗಿ, ಯಾವ ವಯಸ್ಸಿನವರು ನೋಡಬಹುದು ಅಂತ ಹೇಳುವ ರೇಟಿಂಗ್ ಬಂತು, ಅದರ ಹಿಂದೆ ಈ ಚಿತ್ರದ ಪಾಲೂ ಇದೆ.

ಆಮೇಲಿನ ‘ಹಲೋ, ಡಾಲಿ!’ ಹಾಕಿದ ದುಡ್ಡು ತರಲಿಲ್ಲ. 1972ರಲ್ಲಿ ಬರೆದು, ನಿರ್ಮಿಸಿ, ತಾವೇ ನಿರ್ದೇಶಿಸಿದ ಚಿತ್ರ ನೆಲ ಕಚ್ಚಿತು, ಮತ್ತೆ ನಿರ್ದೇಶನಕ್ಕೆ ಕೈ ಹಾಕಲಿಲ್ಲ. ಹಿಚ್‌ಕಾಕ್‌ರ ಕೊನೆಯ ಚಿತ್ರ ‘ಫ್ಯಾಮಿಲಿ ಪ್ಲಾಟ್’ ಬರೆದದ್ದೂ ಇವರೇ.

ಆರು ಸಲ ನಾಮನಿರ್ದೇಶನಗೊಂಡು ಒಮ್ಮೆಯೂ ಗೆಲ್ಲದ ಅವರಿಗೆ 2001ರಲ್ಲಿ ಗೌರವ ಆಸ್ಕರ್ ಬಂತು. ಬರೀ ಚಿತ್ರಕಥೆಗಾರರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು, ಆಗ ಅವರಿಗೆ 85 ವರ್ಷ. ವೇದಿಕೆಯಲ್ಲಿ ಅವರು ತಮ್ಮ ಬಗ್ಗೆ ಹೇಳಿಕೊಳ್ಳುವುದು ಬಿಟ್ಟು ವಿಮರ್ಶಕರ ಮುಂದೆ ಒಂದು ಬೇಡಿಕೆ ಇಟ್ಟರು: ಸಿನಿಮಾ ಶುರುವಾಗುವುದೂ ಮುಗಿಯುವುದೂ ಚಿತ್ರಕಥೆಯಲ್ಲಿ, ಅದನ್ನು ಮರೆಯಬೇಡಿ. ಅವರು 2005ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಹ್ಯಾರಿ ರ‍್ಯಾನ್ಸಮ್ ಸೆಂಟರ್ ಎಂಬ ಸಂಗ್ರಹಾಲಯದಲ್ಲಿವೆ. ಅಮೆರಿಕದಲ್ಲಿ ಚಿತ್ರಕಥೆ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ಯಾರಾದರೂ ಆ ಕಡೆ ಹೋದರೆ ದಯವಿಟ್ಟು ನೋಡಿ ಬನ್ನಿ.